ಧ್ವಜದ ಕಂಬಕ್ಕೆ ನೆರಳಿಲ್ಲದ ಹೊತ್ತು

ಆಗಸ್ಟ್ 15ಕ್ಕೆ ಬಾವುಟ ಹಾರಿಸಿ, ಭಾಷಣ ಮುಗಿದು, ಬೂಂದಿ ಹಂಚಿ ಎಲ್ರೂ ಮನೆಗೆ ಹೋದ್ಮೇಲೂ ಎಂಟನೇ ಕ್ಲಾಸಿನವ್ರು ಮಾತ್ರ ಧ್ವಜದ ಕಟ್ಟೆ ಹತ್ರನೇ ಇರ್ಬೇಕು ಅಂದಿದ್ರು ನಮ್ಮ ಸೈನ್ಸ್ ಸಾರ್. ಯಾಕೆ ಅಂದ್ರೆ ಹೇಳ್ಲಿಲ್ಲ, ನೆರಳು ನೋಡ್ತಾ ಇರಿ ಅಂದ್ರು ಅಷ್ಟೇ. ಹನ್ನೆರಡು ಗಂಟೆವರೆಗೂ ಚೆನ್ನಾಗೇ ಬಿಸಿಲಿತ್ತು, ಆಮೇಲೆ ಮೋಡ ಮುಚ್ಕೊಂಡು ಏನೂ ಕಾಣ್ಲಿಲ್ಲ. ಸಾರ್ ಮುಖ ಚಿಕ್ಕದಾಗಿದ್ದು ಈಗ್ಲೂ ಕಣ್ಮುಂದೆ ಇದೆ.

ಮುಂದಿನ ವರ್ಷ ಬಿಸಿಲು ಕೈಕೊಡ್ಲಿಲ್ಲ. ಕಂಬದ ನೆರಳು ಕುಗ್ಗುತ್ತಾ ಕುಗ್ಗುತ್ತಾ ಬಂದು ಹನ್ನೆರಡೂವರೆಗೆ ಒಂದೆರಡು ನಿಮಿಷ ಇರೋವಾಗ ಬುಡದೊಳಗೇ ಹೋಗ್ಬಿಡ್ತು! ಅಷ್ಟುದ್ದ ಕಬ್ಬಿಣದ ಕಂಬ, ನೆಲದ ಮೇಲೆ ಅದರ ಗುರುತೇ ಇಲ್ಲ. ನಾವೆಲ್ಲ ನಮ್ಮ ಕಾಲ್ಬುಡ ನೋಡ್ಕೊಂಡ್ರೆ ನಮ್ಮ ನೆರಳೂ ಚಪ್ಪಲಿ ಸುತ್ತಾನೇ ಇತ್ತು. ಆಗ ಸಾರ್ ಹೇಳಿದ್ರು, ಭೂಮಿ 23.5 ಡಿಗ್ರಿ ವಾಲ್ಕೊಂಡೇ ಸೂರ್ಯನ್ನ ಸುತ್ತೋದು, ಅದಕ್ಕೇ ಕರ್ಕಾಟಕ ವೃತ್ತದಿಂದ ಮಕರ ವೃತ್ತದವರೆಗಿನ ಊರುಗಳಿಗೆ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿ ಮೇಲೇ ಬರ್ತಾನೆ, ನಮ್ಮ ಹಿರಿಯೂರು ಸೀಮೆ ಇರೋದು ಸುಮಾರು 14 ಡಿಗ್ರಿ ಉತ್ತರದಲ್ಲಿ, ಅದಕ್ಕೆ ಏಪ್ರಿಲ್ ಕೊನೆಗೊಂದ್ಸಲ, ವಾಪಸ್ ತೆಂಕಣಕ್ಕೆ ಹೋಗೋವಾಗ ಆಗಸ್ಟ್ ಮಧ್ಯಕ್ಕೊಂದ್ಸಲ ಅಂತ. ಏಪ್ರಿಲಲ್ಲಿ ರಜೆ ಇರ್ತಿತ್ತಲ್ಲ, ನಮಗೆ ಸಿಗ್ತಿದ್ದದ್ದು ಸ್ವಾತಂತ್ರ್ಯ ದಿನಾನೇ. ಅವತ್ತಿಂದ ನನಗೆ 23.5 ಅನ್ನೋದು ಬಾಯಿಪಾಠದ ನಂಬರ್ ಆಗಿ ಉಳೀಲೇ ಇಲ್ಲ.

ಸಾರ್ ಪಾಠ ಎಲ್ಲ ಹೀಗೇ, ಕೈಗೆ ಸಿಗೋದ್ರಿಂದ. ಭೂಮಿ ಒಳಗಿನ ಪದರ ಹೇಳೋಕೆ ಈರುಳ್ಳಿ ತಂದ್ರು, ನಮ್ಮ ಕಡೆ ಅದಕ್ಕೇನು ಬರ. ಮೇಲಿನ ಕೆಂಪು ಒಣ ಸಿಪ್ಪೆ ಸುಲಿದು ಬೆಳಕಿಗೆ ಹಿಡಿದು, ಕೇಂದ್ರದವರೆಗೆ 6,371 ಕಿಲೋಮೀಟರ್ ಇರೋ ಭೂಮಿಗೆ ನಾವು ಮನೆ ಕಟ್ಟಿ ಬೋರ್ ಕೊರೆಯೋ ಗಟ್ಟಿ ನೆಲ ಅನ್ನೋದು ಇಷ್ಟೇ, ಮೂವತ್ತು ನಲವತ್ತು ಕಿಲೋಮೀಟರ್, ರಷ್ಯಾದ ಕೋಲಾದಲ್ಲಿ ವರ್ಷಾನುಗಟ್ಲೆ ಕೊರೆದೂ 12 ಕಿಲೋಮೀಟರ್ ಸ್ವಲ್ಪ ದಾಟಿದ್ದಷ್ಟೇ, ಸಿಪ್ಪೆನೂ ತೂತಾಗಿಲ್ಲ ಅಂದ್ರು. ಒಳಗೆ ಕಬ್ಬಿಣ ಕರಗಿ ದ್ರವ ಆಗಿದೆ ಅಂತ ಹೆಂಗೆ ಗೊತ್ತಾಯ್ತು ಸಾರ್ ಅಂತ ಕೇಳ್ದೆ. ಭೂಕಂಪದ ಒಂದು ಥರದ ಅಲೆ ದ್ರವದೊಳಗೆ ಹೋಗೋದೇ ಇಲ್ಲ, ಅದು ಎಲ್ಲಿ ನಿಂತ್ಹೋಯ್ತು ನೋಡಿ ತಿಳ್ಕೊಂಡ್ರು ಅಂತ ಹೇಳಿ, ಒಳ್ಳೇ ಪ್ರಶ್ನೆ ಕಣಮ್ಮ ಅಂದ್ರು. ಆ ಒಂದು ಮಾತಿಗೆ ನಾನು ಸೈನ್ಸ್ ತಗೊಂಡೆ, ನಿಜ.

ಮರಡಿಹಳ್ಳಿಗೆ ಕರ್ಕೊಂಡು ಹೋಗಿದ್ದನ್ನ ಮರೆಯೋಕಾಗಲ್ಲ. ಕುರಿ ಮೇಯೋ ಬಯಲು, ಕುರುಚಲು ಗಿಡ, ಅದರ ನಡುವೆ ದಿಂಬುಗಳನ್ನ ಒಂದರ ಮೇಲೊಂದು ಒಟ್ಟಿದ ಹಾಗೆ ಉಬ್ಬುಬ್ಬು ಕಲ್ಲು. ಪಾಕ ಬಂತಾ ಅಂತ ನೋಡೋಕೆ ನಿಮ್ಮಜ್ಜಿ ತಣ್ಣೀರಿಗೆ ಬೆಲ್ಲದ ಪಾಕ ಬಿಡ್ತಾರಲ್ಲ, ಹೊರಗೆ ಗಟ್ಟಿ ಒಳಗೆ ಮೆತ್ತಗೆ ಉಂಡೆ ಆಗುತ್ತಲ್ಲ, ಇದೂ ಹಂಗೇ, ನೀರೊಳಗೆ ಉಕ್ಕಿದ ಲಾವಾ ಅಂದ್ರು. ನೀರು ಎಲ್ಲಿ ಸಾರ್ ಅಂದ್ರೆ, ಇಲ್ಲೇ, ಸುಮಾರು 250 ಕೋಟಿ ವರ್ಷದ ಹಿಂದೆ ನೀವು ನಿಂತಿರೋದು ಸಮುದ್ರದ ತಳ ಅಂದ್ರು. ನಮ್ಮೂರಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್ ಬರ್ತಿದ್ದ ವರ್ಷ ಅದು. ನಾನು ಆ ಕಲ್ಲಿನ ಮೇಲೆ ಕೈ ಇಟ್ಕೊಂಡು ತುಂಬಾ ಹೊತ್ತು ಹಾಗೇ ಕೂತಿದ್ದೆ, ಬಿಸಿಲಿಗೆ ಕಾದು ಸುಡ್ತಿತ್ತು.

ಈಗ ನಾನಿರೋದು ದೆಹಲಿಲಿ. ಇಲ್ಲಿ ಸೂರ್ಯ ಯಾವತ್ತೂ ನೆತ್ತಿಗೆ ಬರಲ್ಲ, ಕರ್ಕಾಟಕ ವೃತ್ತ ದಾಟಿ ಮೇಲಿದೆ. ಒಂದು ಆಗಸ್ಟ್ 15ಕ್ಕೆ ಮೋಡ ಸರಿದಿತ್ತು, ಟೆರೇಸ್ ಮೇಲೆ ಒಂದು ಮೀಟರ್ ಕೋಲು ನೆಟ್ಟಗೆ ನಿಲ್ಲಿಸಿ ಸಾರ್‌ಗೆ ಫೋನ್ ಹಚ್ಚಿದೆ. ಎರಡೂ ಊರು ಹೆಚ್ಚುಕಮ್ಮಿ ಒಂದೇ ರೇಖಾಂಶ, ಮಧ್ಯಾಹ್ನ ಒಟ್ಟಿಗೇ ಆಗುತ್ತೆ. ಅಲ್ಲಿ ಕಂಬಕ್ಕೆ ನೆರಳಿಲ್ಲ, ನನ್ನ ಕೋಲಿಗೆ 26 ಸೆಂಟಿಮೀಟರ್. ಅಂದ್ರೆ ಇಲ್ಲಿ ಸೂರ್ಯ ನೆತ್ತಿಯಿಂದ ಹದಿನಾಲ್ಕೂವರೆ ಡಿಗ್ರಿ ಚಿಲ್ಲರೆ ವಾಲಿದ್ದಾನೆ, ಭೂಮಿಯ ದುಂಡಗೆ ಎರಡೂರಿನ ನಡುವಿನ ಕೋನವೂ ಅಷ್ಟೇ. ಎರಡೂರಿನ ನಡುವೆ ನೇರ ದೂರ ಸುಮಾರು 1,600 ಕಿಲೋಮೀಟರ್, ಅದನ್ನ ಪೂರ್ತಿ ಸುತ್ತಿನ 360 ಡಿಗ್ರಿಗೆ ಹಿಗ್ಗಿಸಿದ್ರೆ ಭೂಮಿ ಸುತ್ತಳತೆ 39,500ರ ಹತ್ರ ಬಂತು, ಪುಸ್ತಕದಲ್ಲಿರೋದು 40,000. ಎರಡು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಲ್ಲಿ ಎರಟೋಸ್ತನೀಸ್ ಅನ್ನೋ ಗ್ರೀಕ್ ಪಂಡಿತ ಮಾಡಿದ್ದೂ ಇದೇ ಲೆಕ್ಕ. ಸಾರ್ ಇನ್ನೊಂದ್ಸಲ ಅಳತೆ ಓದಮ್ಮ ಅಂದ್ರು, ಓದ್ದೆ, ಹಿಂದುಗಡೆ ಮಕ್ಕಳು ಅದನ್ನ ಜೋರಾಗಿ ಹೇಳ್ಕೊಂಡು ಬರ್ಕೊಳ್ತಾ ಇದ್ದದ್ದು ಫೋನಲ್ಲಿ ಕೇಳಿಸ್ತಿತ್ತು.