ಸಕ್ಕರೆ ಕಾಯಿಲೆಯ ಕಡತದಲ್ಲಿ ಕರುಳಿಗೊಂದು ಪುಟ

ಮಧುಮೇಹ ಬಂದು ಹದಿನಾಲ್ಕು ವರ್ಷಗಳಾದ ನನ್ನ ಬಳಿ ದಪ್ಪನೆಯ ಕಡತವೊಂದಿದೆ. ರಕ್ತದ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿ ತೋರಿಸುವ, ಮೂರು ತಿಂಗಳಿಗೊಮ್ಮೆ ಮಾಡಿಸಿದ ಎಚ್‌ಬಿಎ1ಸಿ ವರದಿಗಳು, ವರ್ಷಕ್ಕೊಮ್ಮೆ ತೆಗೆಸಿದ ಅಕ್ಷಿಪಟಲದ ಚಿತ್ರಗಳು, ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿದೆಯೇ ಎಂದು ನೋಡಿದ ಫಲಿತಾಂಶಗಳು, ಅಂಗಾಲಿಗೆ ನೈಲಾನ್ ಎಳೆಯನ್ನು ಒತ್ತಿ ಸ್ಪರ್ಶಜ್ಞಾನ ಪರೀಕ್ಷಿಸಿದ ಟಿಪ್ಪಣಿಗಳು, ಎಲ್ಲವೂ ಅದರಲ್ಲಿ ದಿನಾಂಕದ ಕ್ರಮದಲ್ಲಿವೆ. ದೊಡ್ಡ ಕರುಳಿನ ಬಗ್ಗೆ ಮಾತ್ರ ಕಳೆದ ವರ್ಷದವರೆಗೂ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಆಗ ನನಗೆ 53 ವರ್ಷ. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೇಳುವಂತಾದದ್ದು ಅಕ್ಕನಿಂದ. ಅವಳಿಗೂ ಸಕ್ಕರೆ ಕಾಯಿಲೆ ಇದೆ. 58ನೇ ವಯಸ್ಸಿನಲ್ಲಿ ಅವಳಿಗೆ ಕರುಳಿನ ಕ್ಯಾನ್ಸರ್ ಪತ್ತೆಯಾದಾಗ ಅದು ಪಕ್ಕದ ದುಗ್ಧರಸ ಗ್ರಂಥಿಗಳಿಗೂ ಹಬ್ಬಿತ್ತು. ಅದಕ್ಕೆ ಮುಂಚಿನ ಎಂಟು ತಿಂಗಳು ಅವಳಿಗೆ ಸುಸ್ತಿತ್ತು, ಅದನ್ನು ಶುಗರ್ ಏರಿಳಿತಕ್ಕೆ ಕಟ್ಟಿದೆವು. ಮಲಬದ್ಧತೆಯಿತ್ತು, ನರಗಳ ತೊಂದರೆ ಎಂದುಕೊಂಡೆವು. ಕೆಲವು ದಿನ ಭೇದಿಯಾದಾಗ ಶುಗರ್‌ಗೆ ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ದೂರಿದೆವು. ತೂಕ ಇಳಿದಾಗ, ಪಥ್ಯ ಚೆನ್ನಾಗಿ ಮಾಡುತ್ತಿದ್ದೀಯಕ್ಕ ಎಂದು ಮೆಚ್ಚಿ ಮಾತಾಡಿದವರಲ್ಲಿ ನಾನೂ ಒಬ್ಬ. "ಎಲ್ಲಾ ಶುಗರ್‌ದೇ ಅಂದ್ಕೊಂಡೆ ಕಣೋ" ಎಂದು ಅವಳು ಆಸ್ಪತ್ರೆಯ ಹಾಸಿಗೆಯ ಮೇಲೆ ಕುಳಿತು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಹಳೆಯ ಕಾಯಿಲೆಯೊಂದು ಮನೆ ಮಾಡಿಕೊಂಡಿರುವ ದೇಹದಲ್ಲಿ ಹೊಸ ಕಾಯಿಲೆಯ ಗುರುತುಗಳೆಲ್ಲ ಹಳೆಯದರ ಲೆಕ್ಕಕ್ಕೇ ಜಮೆಯಾಗಿಬಿಡುತ್ತವೆ. ಕರುಳಿನ ಗಡ್ಡೆಯಿಂದ ಕಣ್ಣಿಗೆ ಕಾಣದಷ್ಟು ರಕ್ತ ದಿನವೂ ಸೋರಿ ಕಬ್ಬಿಣದ ಕೊರತೆಯಾದರೆ ಆಗುವ ಬಳಲಿಕೆಗೂ ಶುಗರ್ ಹೆಚ್ಚಾದಾಗಿನ ಬಳಲಿಕೆಗೂ ಅನುಭವದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಸಾಲದ್ದಕ್ಕೆ, ಕಬ್ಬಿಣದ ಕೊರತೆಯು ಎಚ್‌ಬಿಎ1ಸಿ ಅಂಕಿಯನ್ನು ಇದ್ದುದಕ್ಕಿಂತ ತುಸು ಹೆಚ್ಚಾಗಿ ತೋರಿಸಬಲ್ಲದು. ಆಗ ಎಲ್ಲರ ಗಮನ ಮತ್ತೆ ಸಕ್ಕರೆಯ ಕಡೆಗೇ ಹೋಗುತ್ತದೆ. ಹೀಗಾಗಿ ಮಧುಮೇಹಿಗಳಾದ ನಾವು ಲಕ್ಷಣ ಕಾಣಿಸಲಿ ಎಂದು ಕಾಯುವುದು ಉಳಿದವರು ಕಾಯುವುದಕ್ಕಿಂತ ಹೆಚ್ಚು ಅಪಾಯದ್ದು. ಲಕ್ಷಣವಿಲ್ಲದಾಗಲೇ ನೋಡುವುದಕ್ಕೆ ತಪಾಸಣೆ ಎನ್ನುತ್ತಾರೆ.

ಎರಡು ಕಾಯಿಲೆಗಳಿಗೂ ನಂಟಿದೆ ಎಂಬುದು ಹೊಸ ಮಾತೇನಲ್ಲ. ಎರಡನೇ ಬಗೆಯ ಮಧುಮೇಹವಿರುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಬರುವ ಸಂಭವ ಇತರರಿಗಿಂತ ಸುಮಾರು ಶೇ 20ರಿಂದ 30ರಷ್ಟು ಹೆಚ್ಚು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಗಳು ಹೇಳುತ್ತವೆ. ಈ ಅಂಕಿಯನ್ನು ಓದಿ ಗಾಬರಿಯಾಗಬಾರದು. ಉದಾಹರಣೆಗೆ, ಜೀವಮಾನದಲ್ಲಿ ನೂರರಲ್ಲಿ ನಾಲ್ವರಿಗೆ ಅದು ಬರುವ ದೇಶದಲ್ಲಿ ಮಧುಮೇಹಿಗಳಾದರೆ ಐವರಿಗೆ ಬರಬಹುದು ಎಂಬಷ್ಟೇ ಇದರರ್ಥ. ಆದರೆ ಮಧುಮೇಹಿಗಳ ಸಂಖ್ಯೆ ಕೋಟಿಗಳಲ್ಲಿರುವಾಗ ಆ ಐದನೆಯವರ ಸಂಖ್ಯೆ ಸಣ್ಣದಾಗಿ ಉಳಿಯುವುದಿಲ್ಲ.

ಕಾರಣಗಳಲ್ಲಿ ಮುಖ್ಯವಾದುದು ಇನ್ಸುಲಿನ್ ಎನ್ನಲಾಗುತ್ತದೆ. ಎರಡನೇ ಬಗೆಯ ಮಧುಮೇಹ ಪತ್ತೆಯಾಗುವುದಕ್ಕೂ ಎಷ್ಟೋ ವರ್ಷ ಮೊದಲಿನಿಂದ ದೇಹ ಇನ್ಸುಲಿನ್‌ಗೆ ಸರಿಯಾಗಿ ಓಗೊಡುವುದಿಲ್ಲ, ಅದನ್ನು ಸರಿದೂಗಿಸಲು ಮೇದೋಜೀರಕ ಗ್ರಂಥಿ ಮಾಮೂಲಿಗಿಂತ ಹೆಚ್ಚು ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಇನ್ಸುಲಿನ್‌ನ ಕೆಲಸ ಸಕ್ಕರೆಯನ್ನು ಜೀವಕೋಶದೊಳಗೆ ಸೇರಿಸುವುದಷ್ಟೇ ಅಲ್ಲ. ಬೆಳೆ, ವಿಭಜನೆಯಾಗು ಎಂದು ಕೋಶಗಳಿಗೆ ಸೂಚನೆ ಕೊಡುವುದೂ ಹೌದು. ಕರುಳಿನ ಒಳಪದರವೋ ಕೆಲವೇ ದಿನಗಳಿಗೊಮ್ಮೆ ಪೂರ್ತಿ ಹೊಸದಾಗುವ ಜಾಗ. ಅಂಥ ಕಡೆ ಬೆಳವಣಿಗೆಯ ಸೂಚನೆ ವರ್ಷಾನುಗಟ್ಟಲೆ ಅತಿಯಾದರೆ, ಒಮ್ಮೆ ದಾರಿ ತಪ್ಪಿದ ಕೋಶಕ್ಕೆ ಉತ್ತೇಜನ ಸಿಕ್ಕಂತಾಗುತ್ತದೆ. ಇದಲ್ಲದೆ ಬೊಜ್ಜು, ಚಟುವಟಿಕೆಯಿಲ್ಲದ ಬದುಕು, ಧೂಮಪಾನ ಇವು ಎರಡು ಕಾಯಿಲೆಗಳಿಗೂ ಸಮಾನ ಬೇರುಗಳು.

ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಮತ್ತು ಅಮೆರಿಕನ್ ಕ್ಯಾನ್ಸರ್ ಸೊಸೈಟಿ 2010ರಲ್ಲಿ ಜೊತೆಯಾಗಿ ಹೊರತಂದ ವರದಿಯು, ಮಧುಮೇಹಿಗಳು ತಮ್ಮ ವಯಸ್ಸಿಗೆ ತಕ್ಕ ಕ್ಯಾನ್ಸರ್ ತಪಾಸಣೆಗಳನ್ನು ತಪ್ಪದೆ ಮಾಡಿಸಿಕೊಳ್ಳುವಂತೆ ವೈದ್ಯರು ಪ್ರೋತ್ಸಾಹಿಸಬೇಕು ಎಂದಿದೆ. ದೊಡ್ಡ ಕರುಳಿನ ತಪಾಸಣೆಗೆ ಆ ವಯಸ್ಸು ಅನೇಕ ದೇಶಗಳಲ್ಲಿ 50. ಅಮೆರಿಕದಲ್ಲಿ ಕ್ಯಾನ್ಸರ್ ಸೊಸೈಟಿ 2018ರಲ್ಲಿ, ಅಲ್ಲಿನ ರೋಗ ತಡೆಗಟ್ಟುವಿಕೆ ಕಾರ್ಯಪಡೆ 2021ರಲ್ಲಿ ಅದನ್ನು 45ಕ್ಕೆ ಇಳಿಸಿದವು. ಒಡಹುಟ್ಟಿದವರಿಗೋ ತಂದೆತಾಯಿಗೋ ಈ ಕ್ಯಾನ್ಸರ್ ಬಂದಿದ್ದರೆ 40ಕ್ಕೇ ಶುರುಮಾಡಬೇಕು. ಹಾಗೆ ನೋಡಿದರೆ ಸಾಮಾನ್ಯರ ಲೆಕ್ಕದಲ್ಲೇ ನಾನು ತಡವಾಗಿದ್ದೆ.

ಎಲ್ಲರೂ ನೇರವಾಗಿ ಕೊಲೊನೋಸ್ಕೋಪಿಗೇ, ಅಂದರೆ ಗುದದ್ವಾರದ ಮೂಲಕ ಕ್ಯಾಮೆರಾ ಇರುವ ಕೊಳವೆ ಹಾಯಿಸಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆಗೇ, ಹೋಗಬೇಕೆಂದಿಲ್ಲ. ಕುಟುಂಬದಲ್ಲಿ ಯಾರಿಗೂ ಈ ಕ್ಯಾನ್ಸರ್ ಇಲ್ಲದಿದ್ದರೆ, ಲಕ್ಷಣಗಳೂ ಇಲ್ಲದಿದ್ದರೆ, ಫಿಟ್ ಎಂಬ ಮಲ ಪರೀಕ್ಷೆಯಿಂದ ಆರಂಭಿಸಬಹುದು. ಮಲದಲ್ಲಿ ಮನುಷ್ಯರ ಹಿಮೋಗ್ಲೋಬಿನ್ ಇದೆಯೇ ಎಂದು ಅದು ಹುಡುಕುತ್ತದೆ. ಸಕ್ಕರೆ ಕಾಯಿಲೆಯವರಿಗೆ ಇದರ ದೊಡ್ಡ ಅನುಕೂಲವೆಂದರೆ ಉಪವಾಸ ಬೇಡ, ಪಥ್ಯ ಬೇಡ, ಮಾತ್ರೆ ನಿಲ್ಲಿಸುವುದೂ ಬೇಡ. ದೇಶಕ್ಕೆ ತಕ್ಕಂತೆ ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ಮಾಡಿಸುತ್ತಾರೆ. ಆದರೆ ರಕ್ತದ ಅಂಶ ಇದೆ ಎಂದು ಬಂದರೆ, ಮೂಲವ್ಯಾಧಿಯಿಂದಿರಬಹುದು ಎಂದು ಸುಮ್ಮನಾಗುವುದಾಗಲಿ, ಇನ್ನೊಮ್ಮೆ ಅದೇ ಪರೀಕ್ಷೆ ಮಾಡಿಸಿ ಸಮಾಧಾನಪಟ್ಟುಕೊಳ್ಳುವುದಾಗಲಿ ಸಲ್ಲದು. ಮುಂದಿನ ಹೆಜ್ಜೆ ಕೊಲೊನೋಸ್ಕೋಪಿಯೇ.

ಅಕ್ಕನ ಕಾರಣದಿಂದ ನನಗೆ ಮೊದಲಿಗೇ ಅದನ್ನು ಸೂಚಿಸಿದರು. ಮಧುಮೇಹಿಗಳು ನಿಜವಾಗಿ ಕಷ್ಟಪಡುವುದು ಪರೀಕ್ಷೆಯಲ್ಲಲ್ಲ, ಹಿಂದಿನ ದಿನದ ಸಿದ್ಧತೆಯಲ್ಲಿ. ಕರುಳು ತೊಳೆಯುವ ದ್ರಾವಣ ಕುಡಿಯುತ್ತ ಇಡೀ ದಿನ ತಿಳಿಯಾದ ಪಾನೀಯದಲ್ಲೇ ಕಳೆಯಬೇಕು. ಕೇಂದ್ರದವರು ಕೊಟ್ಟ ಮುದ್ರಿತ ಹಾಳೆಯಲ್ಲಿ ಸಕ್ಕರೆ ಕಾಯಿಲೆಯ ಪ್ರಸ್ತಾಪವೇ ಇರಲಿಲ್ಲ. ನಾನು ಅಭ್ಯಾಸಬಲದಿಂದ ಸಕ್ಕರೆಯಿಲ್ಲದ ಪಾನೀಯಗಳನ್ನೇ ಕುಡಿದೆ, ಶುಗರ್ ಇಳಿಸುವ ಸಂಜೆಯ ಗ್ಲಿಮೆಪಿರೈಡ್ ಮಾತ್ರೆಯನ್ನೂ ನುಂಗಿದೆ. ರಾತ್ರಿ ಎರಡೂವರೆಗೆ ಮೈ ಬೆವೆತು ಎಚ್ಚರವಾಯಿತು. ನಡುಗುವ ಬೆರಳಿಗೆ ಸೂಜಿ ಚುಚ್ಚಿ ನೋಡಿದಾಗ ಶುಗರ್ ತೀರಾ ಇಳಿದು ಗ್ಲೂಕೋಮೀಟರಿನಲ್ಲಿ 58 ಎಂದಿತ್ತು. ಗ್ಲೂಕೋಸ್ ಪುಡಿಯನ್ನು ನೀರಿಗೆ ಕಲಸಿ ಕುಡಿದು ಗೋಡೆಗೊರಗಿ ಕುಳಿತೆ. ಇಷ್ಟಾದರೂ ಬೆಳಿಗ್ಗೆ ಕರುಳು ಸ್ವಚ್ಛವಾಗಿರಲಿಲ್ಲ, ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. ವರ್ಷಗಟ್ಟಲೆ ಮಧುಮೇಹವಿದ್ದವರ ಕರುಳು ನಿಧಾನವಾಗಿ ಚಲಿಸುವುದರಿಂದ ಹೀಗಾಗುವುದು ಅವರಲ್ಲಿ ಹೆಚ್ಚು ಎಂದು ಆಮೇಲೆ ತಿಳಿಯಿತು.

ಎರಡನೇ ಸಲ ಮಧುಮೇಹದ ವೈದ್ಯರನ್ನು ಮೊದಲು ಕಂಡೆ. ಅವರು ನನ್ನ ಪ್ರತಿ ಮಾತ್ರೆಯ ಮುಂದೆಯೂ ಯಾವ ದಿನ ನಿಲ್ಲಿಸಬೇಕು, ಯಾವಾಗ ಮತ್ತೆ ಶುರುಮಾಡಬೇಕು ಎಂದು ಬರೆದುಕೊಟ್ಟರು. ಹೆಸರು ಗ್ಲಿಫ್ಲೋಜಿನ್ ಎಂದು ಮುಗಿಯುವ ಮಾತ್ರೆಗಳ ಬಗ್ಗೆ ವಿಶೇಷವಾಗಿ ಎಚ್ಚರಿಸಿದರು. ಉಪವಾಸದಲ್ಲಿ ಅವು ರಕ್ತವನ್ನು ಆಮ್ಲೀಯವಾಗಿಸುವ ಕೀಟೋಆಸಿಡೋಸಿಸ್ ತರಬಹುದು; ಆಗ ಶುಗರ್ ಅಂಕಿ ಹೆಚ್ಚು ಏರದೆಯೂ ಇರಬಹುದಾದ್ದರಿಂದ ಸುಳಿವು ಸಿಗುವುದಿಲ್ಲ. ಆದ್ದರಿಂದ ಅಂಥ ಮಾತ್ರೆಗಳನ್ನು ಸಾಮಾನ್ಯವಾಗಿ ಮೂರು ದಿನ ಮೊದಲೇ ನಿಲ್ಲಿಸುತ್ತಾರೆ. ಇನ್ಸುಲಿನ್ ತೆಗೆದುಕೊಳ್ಳುವವರು ಪ್ರಮಾಣವನ್ನು ತಾವೇ ನಿರ್ಧರಿಸಬಾರದು, ಅದರಲ್ಲೂ ಮೊದಲನೇ ಬಗೆಯ ಮಧುಮೇಹದವರು ಅದನ್ನು ಪೂರ್ತಿ ಬಿಡಲೇಬಾರದು. ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುವ ಸೆಮಗ್ಲುಟೈಡ್‌ನಂಥ ಚುಚ್ಚುಮದ್ದಿನ ವಿಷಯವನ್ನು ಮಂಪರು ಕೊಡುವ ವೈದ್ಯರಿಗೂ ತಿಳಿಸಬೇಕು. ಈ ಸಲ ನನಗೆ ಮೂರು ದಿನ ನಾರಿನಂಶ ಕಡಿಮೆಯಿರುವ ಊಟ, ಅರ್ಧ ದ್ರಾವಣ ಸಂಜೆ, ಉಳಿದರ್ಧ ನಸುಕಿನಲ್ಲಿ, ಎರಡು ಗಂಟೆಗೊಮ್ಮೆ ಶುಗರ್ ಪರೀಕ್ಷೆ, ನಡುನಡುವೆ ಸಕ್ಕರೆಯಿರುವ ತಿಳಿ ಪಾನೀಯ. ಕೆಂಪು ಬಣ್ಣದ್ದು ಮಾತ್ರ ಬೇಡ, ಅದು ಒಳಗೆ ರಕ್ತದಂತೆ ಕಾಣುತ್ತದೆ. ಬೆಳಗಿನ ಮೊದಲ ಸರದಿಯನ್ನೇ ಕೇಳಿ ಪಡೆದೆ.

ಎಂಟು ಮಿಲಿಮೀಟರಿನ ಒಂದು ಪಾಲಿಪ್ ಸಿಕ್ಕಿತು. ಚಿತ್ರದಲ್ಲಿ ಅದು ನಯವಾದ ಗುಲಾಬಿ ಗೋಡೆಯ ಮೇಲೆದ್ದ ಪುಟ್ಟ ಗುಬುಟಿನಂತೆ ಕಾಣುತ್ತದೆ. ತಂತಿಯ ಕುಣಿಕೆ ಹಾಕಿ ಅದನ್ನು ಅಲ್ಲೇ ಕತ್ತರಿಸಿ ತೆಗೆದರು. ನನಗೆ ನೋವಿನ ನೆನಪೂ ಇಲ್ಲ. ಪ್ರಯೋಗಾಲಯದ ವರದಿ ಅದನ್ನು ಅಡಿನೋಮಾ ಎಂದಿತು, ಅಂದರೆ ಕ್ಯಾನ್ಸರ್ ಅಲ್ಲ, ಬಿಟ್ಟರೆ ಮುಂದೆ ಆಗಬಹುದಾದದ್ದು. ಅಂಥ ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷವಾದರೂ ಬೇಕು. ಅಕ್ಕನೊಳಗೂ ಎಂದೋ ಒಂದು ದಿನ ಅದು ಇಷ್ಟೇ ಸಣ್ಣದಿತ್ತು ಎಂಬುದನ್ನು ಯೋಚಿಸದೆ ಇರಲು ನನ್ನಿಂದಾಗುವುದಿಲ್ಲ. ಅವಳ ಚಿಕಿತ್ಸೆ ಮುಗಿದಿದೆ, ಚೇತರಿಸಿಕೊಳ್ಳುತ್ತಿದ್ದಾಳೆ. ಆದರೆ ಕೀಮೋದಲ್ಲಿ ಕೊಟ್ಟ ಆಕ್ಸಾಲಿಪ್ಲಾಟಿನ್ ನರಗಳಿಗೆ ತಾಗುವ ಔಷಧ. ಶುಗರ್‌ನಿಂದ ಮೊದಲೇ ಮರಗಟ್ಟಿದ್ದ ಅವಳ ಪಾದಗಳಿಗೆ ಈಗ ಚಪ್ಪಲಿ ಜಾರಿದರೂ ಗೊತ್ತಾಗುವುದಿಲ್ಲ.

ಅಕ್ಕನ ಹಿನ್ನೆಲೆಯಿರುವುದರಿಂದ ನನಗೆ ಐದು ವರ್ಷಕ್ಕೆ ಮತ್ತೆ ಬರಲು ಹೇಳಿದ್ದಾರೆ. ಆ ದಿನಾಂಕವನ್ನೂ ಪಾಲಿಪ್‌ನ ಚಿತ್ರವನ್ನೂ ಕಡತದಲ್ಲಿ ಕಣ್ಣು ಮತ್ತು ಪಾದದ ವರದಿಗಳ ನಡುವೆ ಸೇರಿಸಿದ್ದೇನೆ. ಅದಾದ ನಂತರದ ಭೇಟಿಯಲ್ಲಿ ನನ್ನ ಮಧುಮೇಹದ ವೈದ್ಯರು ಆ ಪುಟವನ್ನು ಓದಿ, ಹೊರಗೆ ಕುಳಿತಿದ್ದ ಇತರ ರೋಗಿಗಳನ್ನು ಒಳಕರೆದಾಗ ಅವರ ವಯಸ್ಸಿನ ಜೊತೆಗೆ ಈ ಪರೀಕ್ಷೆಯ ಬಗ್ಗೆಯೂ ಕೇಳತೊಡಗಿದರು.