ಹೆಸರುಕಾಯಿ ಬಿಡಿಸುವ ವಾರದಲ್ಲಿ ರಿಪೋರ್ಟೆಡ್ ಸ್ಪೀಚ್ ಬೇಡ

ಮೇ ತಿಂಗಳ ಕೊನೆ ಬಂದಿತೆಂದರೆ ವಾರ್ಷಿಕ ಪಾಠ ಯೋಜನೆಯನ್ನು ಬರೆದು ಪ್ರಾಚಾರ್ಯರಿಗೆ ಒಪ್ಪಿಸಬೇಕು. ಗದಗ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ದ್ವಿತೀಯ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ನಾನು ಬಹಳ ವರ್ಷ ಅದನ್ನು ಪಠ್ಯಪುಸ್ತಕದ ಪರಿವಿಡಿ ನೋಡಿಕೊಂಡೇ ಬರೆದೆ. ಜೂನ್‌ಗೆ ಎರಡು ಪಾಠ, ಜುಲೈಗೆ ಎರಡು ಪಾಠ, ಒಂದೆರಡು ಪದ್ಯ, ಮತ್ತು ವ್ಯಾಕರಣಕ್ಕೂ ಪತ್ರಲೇಖನಕ್ಕೂ ಡಿಸೆಂಬರ್‌ನಲ್ಲಿ ಉಳಿದಷ್ಟು ವೇಳೆ. ಈ ಸಲ ಪರಿವಿಡಿಯನ್ನು ಪಕ್ಕಕ್ಕಿಟ್ಟು, ಕಳೆದ ಮೂರು ವರ್ಷಗಳ ಹಾಜರಿ ಪುಸ್ತಕಗಳನ್ನೂ ಮಕ್ಕಳ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನೂ ಮುಂದಿಟ್ಟುಕೊಂಡು ಕುಳಿತೆ. ಯಾವುದನ್ನು ಯಾವಾಗ ಕಲಿಸಬೇಕೆಂಬುದನ್ನು ಅವೆರಡೇ ನನಗೆ ಸರಿಯಾಗಿ ಹೇಳಿದವು.

ಹಾಜರಿ ಪುಸ್ತಕ ಹೇಳಿದ್ದು ಹೊಲದ ಲೆಕ್ಕ. ಮುಂಗಾರಿನ ಆರಂಭದಲ್ಲಿ ಎರಿ (ಕಪ್ಪು ಮಣ್ಣಿನ) ಹೊಲಕ್ಕೆ ಬಿತ್ತಿದ ಹೆಸರುಕಾಳು ಎರಡು, ಎರಡೂವರೆ ತಿಂಗಳಲ್ಲಿ ಕೈಗೆ ಬರುತ್ತದೆ. ಕಾಯಿ ಒಣಗಿದ ಮೇಲೆ ಮಳೆ ಹಿಡಿದುಕೊಂಡರೆ ಕಾಳು ಗಿಡದಲ್ಲೇ ಮೊಳಕೆಯೊಡೆಯುವುದರಿಂದ, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಮನೆಯಲ್ಲಿರುವ ಎಲ್ಲ ಕೈಗಳೂ ಹೊಲಕ್ಕೆ ಬೇಕಾಗುತ್ತವೆ. ಆ ವಾರಗಳಲ್ಲಿ ನನ್ನ ಕಲಾ ವಿಭಾಗದ ತರಗತಿ ಅರ್ಧ ಖಾಲಿ. ದೀಪಾವಳಿ ದಾಟಿದ ಮೇಲೆ ಹತ್ತಿ ಬಿಡಿಸುವ ಕೆಲಸ ಶುರುವಾಗುತ್ತದೆ, ಆಗ ಮುಖ್ಯವಾಗಿ ಹೆಣ್ಣುಮಕ್ಕಳು ಕಾಣುವುದಿಲ್ಲ. ಇದಕ್ಕಾಗಿ ಮಕ್ಕಳನ್ನು ಗದರಿಸುವುದನ್ನು ನಾನು ಬಿಟ್ಟಿದ್ದೇನೆ. ವಾರಕ್ಕೆ 4 ಪಿರಿಯಡ್‌ನಂತೆ, ದಸರಾ ರಜೆ, ಹಬ್ಬ, ಪರೀಕ್ಷೆಗಳನ್ನು ಕಳೆದರೆ ಜನವರಿ ಕೊನೆಯವರೆಗೆ ನನಗೆ ಸಿಗುವುದು ಸುಮಾರು 100 ಪಿರಿಯಡ್. ಒಂದು ದಿನ ತಪ್ಪಿದರೆ ಮುಂದಿನದು ತಿಳಿಯದಂಥ ಪಾಠಗಳನ್ನು ಎಲ್ಲರೂ ಇರುವ ತಿಂಗಳಲ್ಲಿ ಇಡಬೇಕು, ಒಂದೇ ಪಿರಿಯಡ್‌ನಲ್ಲಿ ಆರಂಭವಾಗಿ ಮುಗಿಯುವಂಥವನ್ನು ಸುಗ್ಗಿಯ ವಾರಗಳಿಗೆ ಇಡಬೇಕು. ಹೀಗಾಗಿ ಸಣ್ಣ ಪದ್ಯಗಳೂ ಟಿಪ್ಪಣಿ ಮಾಡುವ ಅಭ್ಯಾಸವೂ ಹೆಸರಿನ ಕಾಲಕ್ಕೆ ಹೋದವು. ಡಿಸೆಂಬರ್‌ನಲ್ಲಿ ಗಡಿಬಿಡಿಯಿಂದ ಮುಗಿಸುತ್ತಿದ್ದ ರಿಪೋರ್ಟೆಡ್ ಸ್ಪೀಚ್, ಅಂದರೆ ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ತಿಳಿಸುವಾಗ ವಾಕ್ಯ ಬದಲಾಗುವ ವ್ಯಾಕರಣದ ಪಾಠ, ಜುಲೈಗೆ ಬಂದಿತು.

ಅದಕ್ಕೆ ಪೂರ್ತಿ 8 ಪಿರಿಯಡ್ ಕೊಟ್ಟಿದ್ದೇನೆ. ಸಹೋದ್ಯೋಗಿಗಳಿಗೆ ಇದು ಅತಿಯಾಯಿತೆನಿಸಿದೆ, ನನಗೆ ಹಾಗೆನಿಸಿಲ್ಲ. ಉತ್ತರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಂಡ ವಾಕ್ಯವೊಂದಿದೆ: ‘ಬಸಪ್ಪ ಸೆಡ್ ದ್ಯಾಟ್ ಐ ವಿಲ್ ಕಮ್ ಟುಮಾರೊ.’ ಮೊದಲೆಲ್ಲ ಇದಕ್ಕೆ ಕೆಂಪು ಗೆರೆ ಎಳೆದು ಮುಂದೆ ಹೋಗುತ್ತಿದ್ದೆ. ಆದರೆ ಇದು ಅಜಾಗ್ರತೆಯ ತಪ್ಪಲ್ಲ. ನಮ್ಮ ಮನೆಗಳಲ್ಲಿ ‘ನಾ ನಾಳೆ ಬರ್ತೇನಿ ಅಂತ ಬಸಪ್ಪ ಹೇಳ್ಯಾನ’ ಎಂದರೆ, ಆ ‘ನಾ’ ಎಂಬುದು ಬಸಪ್ಪನೇ ಹೊರತು ಸುದ್ದಿ ತಂದವನಲ್ಲ ಎಂಬುದು ಸಣ್ಣ ಮಗುವಿಗೂ ಗೊತ್ತು. ಕನ್ನಡದ ‘ಅಂತ’ ಆಡಿದವನ ಮಾತನ್ನು ಗಂಟು ಬಿಚ್ಚದೆ ಹಾಗೆಯೇ ತಂದು ಕೊಡುತ್ತದೆ. ಇಂಗ್ಲಿಷಿನಲ್ಲಿ ಸುದ್ದಿ ತಂದವನು ಆ ಗಂಟನ್ನು ಬಿಚ್ಚಿ, ‘ನಾನು’ ಎಂಬುದನ್ನು ‘ಅವನು’ ಎಂದೂ, ‘ನಾಳೆ’ಯನ್ನು ‘ಮರುದಿನ’ವೆಂದೂ ಬದಲಿಸಿ, ಕ್ರಿಯಾಪದದ ಕಾಲವನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿ ತನ್ನ ಮಾತಿನಲ್ಲಿ ಹೇಳಬೇಕಾಗುತ್ತದೆ. ಕನ್ನಡ ಮಾತನಾಡುವ ಮಗುವಿಗೆ ಇದನ್ನು ಹೇಳಿಕೊಡದೆ ಬರೀ ಕಾಲಬದಲಾವಣೆಯ ಕೋಷ್ಟಕವನ್ನು ಬಾಯಿಪಾಠ ಮಾಡಿಸಿದರೆ, ಏಕೆ ಬದಲಿಸಬೇಕೆಂಬುದು ಅದಕ್ಕೆ ಎಂದಿಗೂ ಹೊಳೆಯುವುದಿಲ್ಲ.

ಕಳೆದ ವರ್ಷ ಇದನ್ನು ಆಡಿ ತೋರಿಸಿದ್ದೆ. ಒಬ್ಬ ಹುಡುಗನನ್ನು ವರಾಂಡದಲ್ಲಿ ನಿಲ್ಲಿಸಿ, ಇನ್ನೊಬ್ಬನನ್ನು ಬೋರ್ಡಿನ ಹತ್ತಿರ ನಿಲ್ಲಿಸಿ, ನಡುವೆ ಒಬ್ಬ ಹುಡುಗಿಗೆ ಸುದ್ದಿ ಒಯ್ಯುವ ಕೆಲಸ ಕೊಟ್ಟೆ. ನಾಲ್ಕನೇ ಸಲ ಬಾಗಿಲಿನಿಂದ ಬೋರ್ಡಿಗೆ ಬರುವಾಗ ಅವಳು ನಡುವಿನಲ್ಲೇ ನಿಂತು ಕೇಳಿದಳು: ‘ಹಂಗಾದ್ರ ಮೇಡಂ, ಇಂಗ್ಲಿಷಿನ್ಯಾಗ ಹೇಳಿದಾವ್ರ ಮಾತು ಹಂಗ ಉಳಿಯೂದಿಲ್ಲೇನ್ರಿ? ಒಯ್ದಾವ್ರ ಮಾತ ಆಗ್ತೈತೇನ್ರಿ?’ ನಾನು ಹದಿನೈದು ವರ್ಷ ಕೋಷ್ಟಕ ಬರೆಸಿ ಹೇಳಲಾಗದ್ದನ್ನು ಆ ಹುಡುಗಿ ಒಂದು ಮಾತಿನಲ್ಲಿ ಹೇಳಿದಳು. ಅಂದು ಅವಳ ಹಿಂದೆ ಕುಳಿತ ಸಾಲಿನವರೆಲ್ಲ ತಮ್ಮ ವಾಕ್ಯಗಳನ್ನು ತಾವೇ ತಿದ್ದಿಕೊಂಡರು. ಈ ವರ್ಷದ ಎಂಟರಲ್ಲಿ ಮೊದಲ ಮೂರು ಪಿರಿಯಡ್ ಈ ಸುದ್ದಿ ಒಯ್ಯುವ ಕೆಲಸಕ್ಕೇ ಮೀಸಲು.

ಕರ್ಮಣಿ ಪ್ರಯೋಗದ್ದು (ಪ್ಯಾಸಿವ್ ವಾಯ್ಸ್) ಬೇರೆ ಕಷ್ಟ. ಮಾತಿನ ಕನ್ನಡದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ‘ಈ ಮೂಲಕ ತಿಳಿಸಲಾಗಿದೆ’ ಎಂದು ಪಂಚಾಯಿತಿಯ ನೋಟಿಸ್ ಬೋರ್ಡು ಹೇಳಬಹುದು, ಮನೆಯಲ್ಲಿ ಅಜ್ಜಿ ಹೇಳುವುದಿಲ್ಲ. ಆದ್ದರಿಂದ ನೋಟಿಸ್ ಬೋರ್ಡಿನಿಂದಲೇ ಆರಂಭಿಸುತ್ತೇನೆ. ಆಮೇಲೆ ನಮ್ಮ ಸೀಮೆಯ ಸಂಗತಿಗಳು: ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದದ್ದು 1905ರಲ್ಲಿ ಕಣಗಿನಹಾಳದಲ್ಲಿ ಸ್ಥಾಪನೆಯಾಯಿತು, ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರಲ್ಲಿ ಉದ್ಘಾಟನೆಯಾಯಿತು. ಇಲ್ಲಿ ಓದುವವನ ಕಣ್ಣು ಸಂಘದ ಮೇಲೆ, ಪ್ಲಾಟ್‌ಫಾರ್ಮಿನ ಮೇಲೆ ಇರುತ್ತದೆ. ಅದಕ್ಕೇ ಇಂಗ್ಲಿಷ್ ಅವುಗಳನ್ನು ವಾಕ್ಯದ ಮುಂದೆ ತಂದು ಕೂರಿಸುತ್ತದೆ. ಕಣಗಿನಹಾಳ ಗದಗಿಗೆ ಹತ್ತಿರದ ಊರಾದ್ದರಿಂದ ಮಕ್ಕಳು ಆ ವಾಕ್ಯವನ್ನು ಮರೆಯುವುದೂ ಇಲ್ಲ. ಸಂಘದ ಕಥೆಯನ್ನೇ ಒಂದು ಪುಟಕ್ಕೆ ಬರೆದು, ಸೆಪ್ಟೆಂಬರ್‌ನಲ್ಲಿ ಟಿಪ್ಪಣಿ ಮಾಡಲು ಕೊಡುವುದೆಂದು ಗುರುತು ಹಾಕಿದ್ದೇನೆ.

ಕೆಲಸಕ್ಕೆ ಅರ್ಜಿ ಬರೆಯುವ ಪತ್ರದ ವಿಷಯದಲ್ಲಿ ನನಗೆ ಸಂಕಟವಿದೆ. ಪರೀಕ್ಷೆಯಲ್ಲಿ ಗುರುತು ಬಿಟ್ಟುಕೊಡಬಾರದೆಂದು ಹೆಸರಿಗೆ ‘ಎಕ್ಸ್ ಎಕ್ಸ್ ಎಕ್ಸ್’, ವಿಳಾಸಕ್ಕೆ ‘ವೈ ವೈ ವೈ’ ಎಂದು ಬರೆಯುವುದು ಸರಿಯಾದ ಕ್ರಮ. ಆದರೆ ಗೈಡ್ ನೋಡಿ ಕಲಿತ ಮಕ್ಕಳು ವರ್ಷವಿಡೀ ಹಾಗೆಯೇ ಬರೆದು, ತಮ್ಮ ಸ್ವಂತ ಹೆಸರಿನಲ್ಲಿ ಒಂದು ಅರ್ಜಿಯನ್ನೂ ಬರೆಯದೆ ಕಾಲೇಜು ಬಿಡುತ್ತಾರೆ. ಎರಡು ವರ್ಷದ ಹಿಂದೆ ಓದು ಮುಗಿಸಿದ ಹುಡುಗಿಯೊಬ್ಬಳು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಅರ್ಜಿ ತೋರಿಸಲು ಬಂದಿದ್ದಳು. ವಿಳಾಸದ ಜಾಗದಲ್ಲಿ ಏನು ಬರೆಯಬೇಕೆಂದು ತಿಳಿಯದೆ ಖಾಲಿ ಬಿಟ್ಟಿದ್ದಳು. ಆ ಖಾಲಿ ಜಾಗ ನನ್ನ ಪಾಠದ ಕೊರತೆ. ಈ ವರ್ಷ ನವೆಂಬರ್‌ನಲ್ಲಿ ಪ್ರತಿಯೊಬ್ಬರೂ ಮೊದಲು ತಮ್ಮ ಹೆಸರು, ತಮ್ಮ ಓಣಿ, ತಮ್ಮ ಪಿನ್ ಕೋಡ್ ಹಾಕಿ ಪತ್ರ ಬರೆಯಬೇಕು. ಪರೀಕ್ಷೆಯ ಕ್ರಮವನ್ನು ಜನವರಿಯಲ್ಲಿ ಕಲಿತರೆ ಸಾಕು.

ಈಗ ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ಆಂತರಿಕದ ಯೋಜನಾ ಕಾರ್ಯವನ್ನು ಚಂದದ ರಟ್ಟಿನ ಫೈಲಿಗೆ ಮುಗಿಸದೆ, ಮನೆಯ ಹಿರಿಯರೊಬ್ಬರನ್ನು ಕನ್ನಡದಲ್ಲಿ ಮಾತನಾಡಿಸಿ, ಕೇಳಿದ್ದನ್ನು ತರಗತಿಯಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳುವ ಕೆಲಸವನ್ನಾಗಿ ಮಾಡಿದ್ದೇನೆ. ಜುಲೈನಲ್ಲಿ ಕಲಿತ ಸುದ್ದಿ ಒಯ್ಯುವ ಅಭ್ಯಾಸ ಅಲ್ಲಿ ಕೆಲಸಕ್ಕೆ ಬರುತ್ತದೆ.

ಫೆಬ್ರುವರಿಗೆ ಹೊಸ ಪಾಠವನ್ನು ಇಟ್ಟಿಲ್ಲ. ಉಳಿದಿರುವುದು ವೇಳಾಪಟ್ಟಿಯ ಒಂದು ಮಾತು. ಹಳ್ಳಿಯ ಬಸ್ಸುಗಳು ಬರುವ ಹೊತ್ತಿಗೆ ಮೊದಲ ಪಿರಿಯಡ್ ಕಾಲುಭಾಗ ಮುಗಿದಿರುತ್ತದೆ, ಮತ್ತು ಎರಡು ವರ್ಷದಿಂದ ಕಲಾ ವಿಭಾಗದ ಇಂಗ್ಲಿಷ್ ಇರುವುದು ಮೊದಲ ಪಿರಿಯಡ್‌ನಲ್ಲೇ. ಅದನ್ನು ಮೂರನೆಯದಕ್ಕೆ ಬದಲಿಸಿ ಕೊಡಬೇಕೆಂದು ಯೋಜನೆಯ ಜೊತೆಗೆ ಒಂದು ವಿನಂತಿಪತ್ರವನ್ನೂ ಲಗತ್ತಿಸಿ, ಸೋಮವಾರ ಪ್ರಾಚಾರ್ಯರ ಕೈಗೆ ಕೊಡಲಿದ್ದೇನೆ.