ಬೆಳಗಾವಿ ಡಯಲ್-ಅಪ್ ಪ್ರಾಜೆಕ್ಟ್: ಲೈನ್ ಕೂಡುತ್ತದೆ, ಪ್ಯಾಕೆಟ್ ದಾಟುವುದಿಲ್ಲ

ಒಂದು ಯಂತ್ರ ಫೋನ್ ವೈರಿನಲ್ಲಿ ಇನ್ನೊಂದಕ್ಕೆ ಡಯಲ್ ಮಾಡಿ, ಅದರ ಮೂಲಕ ಮನೆಯ ಲ್ಯಾನ್ (ಒಳಜಾಲ) ಮತ್ತು ಇಂಟರ್ನೆಟ್ ತಲುಪಬೇಕು, ಇದೇ ಪ್ರಾಜೆಕ್ಟ್. ಸಾಮಾನು ಇಷ್ಟೇ: ಎರಡು ಹಳೆ ಲಿನಕ್ಸ್ ಯಂತ್ರ, ಎರಡು ಎಕ್ಸ್‌ಟರ್ನಲ್ ಮೋಡೆಮ್, ನಡುವೆ ಟಿಳಕವಾಡಿ ಮನೆಯ ಇಂಟರ್‌ಕಾಮ್ ಪೆಟ್ಟಿಗೆ. ಪೆಟ್ಟಿಗೆಯ ಟೋನ್ ಮೋಡೆಮ್‌ಗೆ ಗುರುತು ಸಿಗದೆ ‘ನೋ ಡಯಲ್‌ಟೋನ್’ ಬರುತ್ತಿತ್ತು. ಚಾಟ್ ಸ್ಕ್ರಿಪ್ಟಿನಲ್ಲಿ (ಮೋಡೆಮ್‌ಗೆ ಕೊಡುವ ಆಜ್ಞೆಗಳ ಪಟ್ಟಿ) ಎಟಿಎಕ್ಸ್3 ಆಜ್ಞೆ ಸೇರಿಸಿದ ಮೇಲೆ ಟೋನಿಗೆ ಕಾಯುವುದು ನಿಂತಿತು. ವೇಗ 33.6ಕೆ ದಾಟಲಿಲ್ಲವೆಂದು ತಲೆ ಕೆಡಿಸಿಕೊಳ್ಳಬೇಡಿ. 56ಕೆ ಬೇಕಿದ್ದರೆ ಒಂದು ತುದಿ ಡಿಜಿಟಲ್ ಇರಲೇಬೇಕು.

ಈಗಿನ ತಕರಾರು ರೂಟಿಂಗ್‌ನದು, ಅಂದರೆ ಪ್ಯಾಕೆಟ್‌ಗೆ ದಾರಿ ತೋರಿಸುವುದರದು. ಪಿಪಿಪಿ0 (ಡಯಲ್-ಅಪ್ ಕೊಂಡಿ) ಏಳುತ್ತದೆ, ಆಚೆ ತುದಿಗೆ ಪಿಂಗ್ ಹೋಗುತ್ತದೆ, ಅದರಾಚೆ ಸದ್ದಿಲ್ಲ. ಡಯಲ್ ಮಾಡುವ ಯಂತ್ರದಲ್ಲಿ ‘ರೂಟ್ -ಎನ್’ ನೋಡಿದರೆ 0.0.0.0 ಸಾಲು (ಡೀಫಾಲ್ಟ್ ರೂಟ್, ಬೇರೆ ದಾರಿ ಗೊತ್ತಿಲ್ಲದ ಪ್ಯಾಕೆಟ್ ಹಿಡಿಯುವ ದಾರಿ) ಇನ್ನೂ ಈಥ್0 (ಈಥರ್ನೆಟ್ ಕಾರ್ಡ್) ಕಡೆಗೇ ಇದೆ, ಗೇಟ್‌ವೇ 192.168.5.1. ಆ ವಿಳಾಸದಲ್ಲಿ ಈಗ ರೌಟರೇ ಇಲ್ಲ! ‘ಡೀಫಾಲ್ಟ್‌ರೂಟ್’ ಆಯ್ಕೆ ಕೊಟ್ಟಿದ್ದರೂ, ಈ ಕೊಂಡಿ ನಡೆಸುವ ಪಿಪಿಪಿಡಿ ಪ್ರೋಗ್ರಾಂ ಮೊದಲೇ ಇರುವ ಡೀಫಾಲ್ಟ್ ರೂಟನ್ನು ಮುಟ್ಟುವುದಿಲ್ಲ. ‘ನಾಟ್ ರಿಪ್ಲೇಸಿಂಗ್ ಎಕ್ಸಿಸ್ಟಿಂಗ್ ಡೀಫಾಲ್ಟ್ ರೂಟ್’ ಎಂದು ಸಿಸ್‌ಲಾಗಿಗೆ ಬರೆದು ಸುಮ್ಮನಾಗುತ್ತದೆ. ‘ರೂಟ್ ಡೆಲ್ ಡೀಫಾಲ್ಟ್’ ಹೊಡೆದು ಮತ್ತೆ ಡಯಲ್ ಮಾಡಿದರೆ ಆ ಹೊತ್ತಿಗೆ ಸರಿ, ರೀಬೂಟ್ ಆದ ಮೇಲೆ ಮತ್ತೆ ಅದೇ ರಾಗ. ಈಥರ್ನೆಟ್ ಕಾನ್ಫಿಗರೇಶನ್‌ನಿಂದ ಗೇಟ್‌ವೇ ಸಾಲನ್ನೇ ಕಿತ್ತುಹಾಕಿದೆ.

ಅಲ್ಲಿಗೆ ಅರ್ಧ ಕೆಲಸ. ಕರೆ ಎತ್ತುವ ಯಂತ್ರದಲ್ಲಿ ಐಪಿ ಫಾರ್ವರ್ಡಿಂಗ್ (ಒಂದು ಕಡೆಯ ಪ್ಯಾಕೆಟನ್ನು ಇನ್ನೊಂದು ಕಡೆಗೆ ದಾಟಿಸುವುದು) 0, ಅಂದರೆ ಬಂದ್ ಇತ್ತು, 1 ಮಾಡಿದ್ದಾಯಿತು. ಆದರೂ ಉತ್ತರವಿಲ್ಲ. ಅದೇ ಯಂತ್ರದ ಈಥ್0 ಮೇಲೆ ಪ್ಯಾಕೆಟ್ ಇಣುಕುವ ಟಿಸಿಪಿಡಂಪ್ ಹಚ್ಚಿದಾಗ ಗುಟ್ಟು ಬಯಲಾಯಿತು: ಡಯಲ್ ಮಾಡಿದ ಯಂತ್ರದ ವಿಳಾಸ 10.0.5.2ರಿಂದ ಎಕೋ ರಿಕ್ವೆಸ್ಟ್ (ಪಿಂಗ್‌ನ ಪ್ರಶ್ನೆ) ಸಾಲುಸಾಲಾಗಿ ಹೊರಗೆ ಹೋಗುತ್ತಿವೆ, ರಿಪ್ಲೈ ಒಂದೂ ಇಲ್ಲ. ಮನೆಯ ರೌಟರ್‌ಗೆ 10.0.5.2 ಎಲ್ಲಿದೆ ಎಂದು ಹೇಳಿದವರಾರು? ಇಂಥ ಕಡೆ ಎಲ್ಲರೂ ಮಾಸ್ಕರೇಡ್ (ಎತ್ತುವ ಯಂತ್ರದ ವಿಳಾಸದ ಹಿಂದೆ ಮರೆಮಾಡುವುದು) ಹಾಕಿ ಕೈತೊಳೆದುಕೊಳ್ಳುತ್ತಾರೆ. ಆದರೆ ಲ್ಯಾನ್‌ನಿಂದ ಡಯಲ್-ಅಪ್ ಯಂತ್ರಕ್ಕೆ ನೇರ ಹೋಗಬೇಕಿದ್ದರೆ ‘ಪ್ರಾಕ್ಸಿಆರ್ಪ್’ (ಡಯಲ್-ಅಪ್ ಯಂತ್ರದ ಪರವಾಗಿ ಎತ್ತುವ ಯಂತ್ರವೇ ಲ್ಯಾನ್‌ಗೆ ಓಗೊಡುವುದು) ಲೇಸು. ಆಗ ಕೊಡುವ ಐಪಿ ಲ್ಯಾನ್‌ನದೇ ಸಬ್‌ನೆಟ್‌ನದಿರಬೇಕು, ಡಿಎಚ್‌ಸಿಪಿ ಹಂಚುವ ವಿಳಾಸಗಳ ಹೊರಗಿರಬೇಕು. 10.0.5.2 ಇಟ್ಟೇ ಪ್ರಾಕ್ಸಿಆರ್ಪ್ ಹಾಕಿದರೆ ‘ಕೆನಾಟ್ ಡಿಟರ್ಮಿನ್ ಈಥರ್ನೆಟ್ ಅಡ್ರೆಸ್ ಫಾರ್ ಪ್ರಾಕ್ಸಿ ಆರ್ಪ್’ ಎಂಬ ಬೈಗುಳ ಗ್ಯಾರಂಟಿ. ಲ್ಯಾನ್‌ನದೇ ಆದ 192.168.1.200 ಕೊಟ್ಟ ಮೇಲೆ ಇಂಟರ್ನೆಟ್ಟಿನ 8.8.8.8ರಿಂದ (ಗೂಗಲ್ ಸರ್ವರ್) ಉತ್ತರ ಬಂತು.

ಹೆಸರಿನಿಂದ ಪಿಂಗ್ ಆಗದಿದ್ದರೆ ಅದು ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವುದು) ತಕರಾರು, ರೂಟಿಂಗ್ ಅಲ್ಲ: ಎತ್ತುವ ಕಡೆ ‘ಎಂಎಸ್-ಡಿಎನ್‌ಎಸ್’, ಡಯಲ್ ಮಾಡುವ ಕಡೆ ‘ಯೂಸ್‌ಪಿಯರ್‌ಡಿಎನ್‌ಎಸ್’ ಆಯ್ಕೆ ಕೊಡಿ.

ಎಂಟಿಯು (ಒಂದು ಪ್ಯಾಕೆಟಿನ ಗರಿಷ್ಠ ಗಾತ್ರ) ಇನ್ನೂ 1500 ಬೈಟ್ ಇದೆ. 33.6ಕೆ ಲೈನಿನಲ್ಲಿ ಅಂಥ ಒಂದು ಪ್ಯಾಕೆಟ್ ದಾಟಲು ಸುಮಾರು 0.36 ಸೆಕೆಂಡ್ ಬೇಕು. ಫೈಲ್ ಇಳಿಯುತ್ತಿರುವಾಗ ಎಸ್‌ಎಸ್‌ಎಚ್‌ನಲ್ಲಿ ಒತ್ತಿದ ಅಕ್ಷರ ತಡವಾಗಿ ಮೂಡುವುದು ಅದಕ್ಕೇ. ಮುಂದೆ 576 ಇಟ್ಟು ನೋಡುವುದಿದೆ. ಮಳೆಗಾಲದ ಗುಡುಗಿಗೆ ಮುಂಚೆ ಆದರೆ ಒಳ್ಳೆಯದು, ಆಗ ಫೋನ್ ವೈರ್ ಕಿತ್ತಿಡಬೇಕಾಗುತ್ತದೆ.